ಎಳೆದುಕೊಂಡು ಹೋಗುವ ಮನೆ

"ಇಳಿಯುದಿಲ್ಲಾದ್ರೆ ಅದ್ರ ಸಮೇತ ಎಳಿ. ಬೇವರ್ಸಿಗಳಿಗೆ ಒಂದು ಮೆರವಣಿಗೆಯಾದ್ರೂ ಆಗ್ಲಿ."

ಹರಿನಾರಾಯಣ ಧಣಿಗಳು ಹೀಗೆ ಹೇಳಿದ್ದು ಟ್ರ್ಯಾಕ್ಟರಿನ ಕುಂಞನಿಗೆ. 'ಅದು' ಎಂದರೆ ಪ್ರೇಮಾವತಿ. ನಾನು ಪ್ರೇಮತ್ತೆ ಎಂದು ಕರೆಯುತ್ತಿದ್ದೆ. ಎರಡೂ ಕಾಲಿಗೆ ನೀರು ತುಂಬಿ ಅವರಿಗೆ ತಾವು ಮನೆ ಮಾಡಿಕೊಂಡಿದ್ದ ಹಳೆಯ ಬಸ್ಸಿನ ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ. ಗಂಡ ಚೆನ್ನಪ್ಪ ಮಾವ ಬಸ್ಸಿನ ಬಾಗಿಲಿನಲ್ಲಿ ನಿಂತು, ಸ್ವಲ್ಪ ಹೊತ್ತು ಕೊಡಿ, ಎತ್ತಿಕೊಂಡಾದರೂ ಇಳಿಸುತ್ತೇನೆ ಎಂದು ಕೇಳಿಕೊಂಡರು. ಧಣಿಗಳು ವಾಚು ನೋಡಿದರು. ಕುಂಞ ನನ್ನ ಮುಖ ನೋಡಿದ. ಮನೆಮನೆಯಿಂದ ಹೆಕ್ಕಿದ ಪ್ಲಾಸ್ಟಿಕ್ಕಿನ ಚೀಲವನ್ನು ಹೆಗಲಲ್ಲಿಟ್ಟುಕೊಂಡು ನಿಂತಿದ್ದ ನಾನು ನೆಲ ನೋಡಿದೆ.

ಸರಪಳಿ ಬಿಗಿಯಾಯಿತು. ಎಂಜಿನಿಲ್ಲದ ಬಸ್ಸು ಒಮ್ಮೆ ಹಿಂದಕ್ಕೆ ಜಗ್ಗಿ, ಮುಂದಕ್ಕೆ ಹೊರಟಿತು. ಒಳಗೆ ಗಂಜಿಯ ಪಾತ್ರೆ ಬಿದ್ದು ಉರುಳಿತು. ಪ್ರೇಮತ್ತೆ ಸೀಟಿನ ಕಂಬಿಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದರು. ಕಿಟಕಿಯಿಂದ ನನ್ನನ್ನು ಕಂಡು, "ಟಿಕೇಟು ತೆಗೀಲಿಲ್ಲ ಗೌತಮಿ, ಚೆಕ್ಕಿಂಗಿನವ ಬಂದ್ರೆ ನೀನೇ ಮಾತಾಡು" ಎಂದರು. ತುಟಿ ಬಿಳಿಚಿತ್ತು.

ಬಸ್ಸು ಹೋದದ್ದು ಮೂವತ್ತು ಹೆಜ್ಜೆ. ಸರ್ವೆಯ ಗಡಿಕಲ್ಲು ದಾಟಿ, ಗೇರುಮರದ ಆಚೆ ನಿಂತಿತು. ಧಣಿಗಳು ಹಳೆಯ ಜಾಗಕ್ಕೆ ಬಂದು ಒಲೆಯ ಮೂರು ಕಲ್ಲುಗಳನ್ನು ಚಪ್ಪಲಿ ಕಾಲಿನಿಂದಲೇ ದೂಡಿದರು. ಬೂದಿಯ ಮೇಲೆ ಮಣ್ಣು ಹಾಕಿಸಿದರು. ಪ್ರೇಮತ್ತೆ ನೆಟ್ಟು ಹಬ್ಬಿಸಿದ್ದ ಬಸಳೆಯನ್ನು ಬುಡಸಮೇತ ಕೀಳಿಸಿ, ಅದರ ಮೇಲೆ ಗೇರಿನ ಒಣ ಎಲೆ ಹರಡಿಸಿದರು. ಅಲ್ಲಿ ಯಾರೂ ಅನ್ನ ಬೇಯಿಸಿದ ಗುರುತು ಉಳಿಯಲಿಲ್ಲ. ಪ್ರತಿ ಮೂರು ತಿಂಗಳಿಗೊಮ್ಮೆ ನಡೆಯುವ ಕೆಲಸವಿದು. ಈ ಸಲ ಎರಡೇ ತಿಂಗಳಾಗಿತ್ತು. ಯಾಕೆಂದು ಮರುದಿನ ಬೆಳಿಗ್ಗೆ ಗೊತ್ತಾಯಿತು.

ಚೆನ್ನಪ್ಪ ಮಾವ ಧಣಿಗಳ ಕಲ್ಲಿನ ಕೋರೆಯಲ್ಲಿ ಮೂವತ್ತೊಂದು ವರ್ಷ ಕೆಂಪುಕಲ್ಲು ಕಡಿದವರು. ಮಿಷನ್ ಬರುವ ಮೊದಲು ಕುಕ್ಕರಗಾಲಿನಲ್ಲಿ ಕೂತು ಕೊಡಲಿಯಿಂದ ಕಡಿಯುತ್ತಿದ್ದರು. ಸೀತಾಂಗೋಳಿಯಿಂದ ನೆಕ್ರಾಜೆಯವರೆಗೆ ಎಷ್ಟು ಮನೆಗಳ ಗೋಡೆಯಲ್ಲಿ ಅವರು ಕಡಿದ ಕಲ್ಲಿದೆಯೋ ಅವರಿಗೇ ಗೊತ್ತಿಲ್ಲ. ಅವರಿಗೆ ಉಸಿರು ಕಟ್ಟಲು ತೊಡಗಿದ ವರ್ಷವೇ ಕೋರೆಯೂ ಮುಚ್ಚಿತು. ಗಂಡಹೆಂಡಿರು ಇರುತ್ತಿದ್ದ ಕೋರೆಯ ಶೆಡ್ಡನ್ನು ಬಿಚ್ಚಿದರು. ಅದರ ಬದಲಿಗೆ ಧಣಿಗಳು ಓಡಾಟ ನಿಲ್ಲಿಸಿದ ಒಂದು ಬಸ್ಸಿನ ಬಾಡಿಯನ್ನು ತರಿಸಿಕೊಟ್ಟರು. ಮೊಬೈಲಿನಲ್ಲಿ ಚಿತ್ರವನ್ನೂ ತೋರಿಸಿದರಂತೆ. ಅಮೆರಿಕದಲ್ಲಿ ರಿಟೈರ್ ಆದವರು ಇದ್ದ ಮನೆ ಮಾರಿ ಇಂಥ ಚಕ್ರದ ಮನೆಯಲ್ಲಿಯೇ ಇರುವುದು, ಬಾಡಿಗೆ ಇಲ್ಲ, ತೆರಿಗೆ ಇಲ್ಲ, ನಿನಗೆ ಮುದಿಕಾಲಕ್ಕೆ ಇದಕ್ಕಿಂತ ಒಳ್ಳೆಯದು ಎಂತ ಬೇಕು ಎಂದು ಕೇಳಿದರಂತೆ. ಚೆನ್ನಪ್ಪ ಮಾವ ಕೈ ಮುಗಿದು ಬಂದರು.

ಬಸ್ಸಿನ ಸೀಟುಗಳನ್ನೆಲ್ಲ ಕಿತ್ತಿದ್ದರು, ಎರಡು ಮಾತ್ರ ಉಳಿದಿದ್ದವು. ಅವುಗಳ ಮೇಲೆ ಮಲಯಾಳದಲ್ಲಿ ಎಂತದೋ ಬರೆದಿತ್ತು. ಹಿರಿಯ ನಾಗರಿಕರಿಗೆ ಎಂದು ನಾನು ಓದಿ ಹೇಳಿದೆ.

"ಸರ್ಕಾರ ನಮ್ಗೆ ಅಂತ ಬರೆದಿಟ್ಟದ್ದು ಇದೊಂದೇ ಅಲ್ವಾ ಮಗಾ" ಎಂದು ಪ್ರೇಮತ್ತೆ ನಕ್ಕರು. ಅವರ ಹಾಸಿಗೆ ಆ ಬರಹದ ಎದುರಿಗೇ, ನೆಲದಲ್ಲಿ ಇತ್ತು.

ಚಕ್ರ ಯಾಕೆ ಎಂಬುದು ಮೊದಲನೆಯ ಸಲ ಟ್ರ್ಯಾಕ್ಟರ್ ಬಂದಾಗ ತಿಳಿಯಿತು. ಧಣಿಗಳ ಅಜ್ಜನ ಕಾಲದಲ್ಲಿ ಭೂಸುಧಾರಣೆ ಬಂದು, ಅವರ ಹಿತ್ತಿಲಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಒಬ್ಬ ಆಳಿಗೆ, ಗುಡಿಸಲಿದ್ದ ನೆಲ ಅದರಲ್ಲಿದ್ದವನಿಗೇ ಎನ್ನುವ ಕುಡಿಕಿಡಪ್ಪು ಹಕ್ಕಿನಲ್ಲಿ ಹತ್ತು ಸೆಂಟ್ಸ್ ಹೋಗಿತ್ತು. ಅದು ಈಗಲೂ ಧಣಿಗಳ ಗೇಟಿನಿಂದ ಕಾಣುತ್ತದೆ. ಆ ಆಳಿನ ಮೊಮ್ಮಗ ಅದರಲ್ಲಿ ಟೆರೇಸಿನ ಮನೆ ಕಟ್ಟಿದ್ದಾನೆ. ಆ ಹಕ್ಕು ಆ ಕಾಲದವರಿಗೆ ಮಾತ್ರ, ಈಗ ಗುಡಿಸಲು ಹಾಕಿದವರಿಗೆ ಸಿಗುವುದಿಲ್ಲ ಎಂದು ನನ್ನ ಸಂಜೆ ತರಗತಿಯ ಮಾಷ್ಟ್ರು ಹೇಳಿದ್ದರು. ಧಣಿಗಳಿಗೆ ಇದನ್ನು ಹೇಳುವವರು ಯಾರು? ಆಳಿನ ಒಲೆ ಒಂದೇ ಕಡೆ ಎರಡು ಮಳೆ ಕಾಣಬಾರದು ಎಂಬುದು ಆ ಮನೆಯ ಕಟ್ಟಳೆ.

ಮನೆಯಿಲ್ಲದವರ ಪಟ್ಟಿಗೆ ಪಂಚಾಯತಿನಲ್ಲಿ ಅರ್ಜಿ ಕೇಳಿದಾಗ ಚೆನ್ನಪ್ಪ ಮಾವನದ್ದನ್ನು ಬರೆದವಳು ನಾನು. ಆ ಪಟ್ಟಿಯಲ್ಲಿ ಹೆಸರು ಬಂದರೆ ಮೂರು ಸೆಂಟ್ಸ್ ಜಾಗ ಮತ್ತು ಒಂದು ಮನೆ ಸಿಗುವ ಸಾಧ್ಯತೆಯಿತ್ತು. ಫಾರಂ ಮಲಯಾಳದಲ್ಲಿತ್ತು. ಒಂದು ಅಕ್ಷರವೂ ತಪ್ಪಬಾರದೆಂದು ಎರಡು ಸಲ ಹಾಳೆಯಲ್ಲಿ ಬರೆದು ನೋಡಿ ಆಮೇಲೆ ತುಂಬಿಸಿದೆ. ಈಗ ವಾಸವಿರುವ ಸ್ಥಳ ಎಂಬಲ್ಲಿ ಹರಿನಾರಾಯಣ ಧಣಿಗಳ ಗುಡ್ಡೆ ಎಂದು ಬರೆದರೆ ಸಾಕಿತ್ತು. ನನಗೆ ಸಾಕೆನಿಸಲಿಲ್ಲ. ಒಂದು ದಿನದ ಕೆಲಸ ಬಿಟ್ಟು ವಿಲೇಜ್ ಆಫೀಸಿಗೆ ಹೋಗಿ, ಸರದಿಯಲ್ಲಿ ನಿಂತು, ಬಸ್ಸು ನಿಂತಿದ್ದ ಜಾಗದ ಸರ್ವೆ ನಂಬರನ್ನು ಕೇಳಿ ತಿಳಿದು ಬಂದೆ. ಅದನ್ನೇ ಬರೆದೆ.

ತನಿಖೆಯವರು ಬರುವುದು ಯಾವ ದಿನವೆಂದು ನಮಗೆ ಗೊತ್ತಿರಲಿಲ್ಲ. ಧಣಿಗಳಿಗೆ ಗೊತ್ತಿತ್ತು.

ಬಸ್ಸು ಎಳೆದ ಮರುದಿನ ಬಂದ ಅಧಿಕಾರಿಗೆ ಧಣಿಗಳೇ ಎಳನೀರಿನ ಬೊಂಡ ಕೆತ್ತಿಸಿ ಕೊಟ್ಟರು. ಅವರು ಫೈಲು ನೋಡಿ, ಆ ನಂಬರಿನ ಜಾಗ ತೋರಿಸಿ ಎಂದರು. ಧಣಿಗಳು ತೋರಿಸಿದರು. ಗೇರಿನ ಎಲೆ ಬಿದ್ದ ಖಾಲಿ ನೆಲ. ನಾನು ಓಡಿಹೋಗಿ, ನಿನ್ನೆಯವರೆಗೆ ಇಲ್ಲಿಯೇ ಇತ್ತು, ಈಗ ಅಲ್ಲಿದೆ, ಇಲ್ಲಿಂದಲೇ ಕಾಣುತ್ತದೆ ಎಂದು ಕೈ ತೋರಿಸಿದೆ. ಬಸ್ಸಿನ ಕಿಟಕಿಯಲ್ಲಿ ಪ್ರೇಮತ್ತೆಯ ತಲೆ ಕಾಣುತ್ತಿತ್ತು. ಅಧಿಕಾರಿ ಆ ಕಡೆ ನೋಡಿದರು.

"ಅದು ಬೇರೆ ಸರ್ವೆ ನಂಬರ್ ಅಲ್ವಾ" ಎಂದರು. "ಫೈಲಿನಲ್ಲಿ ಇರುವ ನಂಬರಿನಲ್ಲಿ ವಾಸ ಇಲ್ಲ. ನಾನು ಇದ್ದದ್ದನ್ನು ಬರೀಬೇಕು."

ಅದಕ್ಕೆ ಚಕ್ರವೂ ಇದೆ, ಅದು ವಾಹನ, ವಾಹನಕ್ಕೆ ಪಂಚಾಯತು ಮನೆ ನಂಬರ್ ಕೊಡುವುದಿಲ್ಲ, ಆರ್‌ಟಿಒ ಆಫೀಸಿಗೆ ಹೋಗಿ ಎಂದೂ ಹೇಳಿದರು. ಅಲ್ಲಿಗೂ ನಾನು ಹಿಂದೆಯೇ ಹೋಗಿ ಬಂದಿದ್ದೆ. ಎಂಜಿನಿಲ್ಲ, ಚಾಸಿಸ್ ನಂಬರನ್ನು ಕೆರೆದಿದ್ದಾರೆ, ಇದು ವಾಹನವಲ್ಲ, ಗುಜರಿ ಎಂದಿದ್ದರು. ಅದನ್ನೂ ಹೇಳಿದೆ. ಅಧಿಕಾರಿ ಬೊಂಡ ಕುಡಿದು ಮುಗಿಸಿದರು.

ಜೀಪು ಹೋದ ಮೇಲೆ ಧಣಿಗಳು ನನ್ನ ಹತ್ತಿರ ಬಂದರು. "ಗೌತಮಿ, ನೀನು ಕಸ ಹೆಕ್ಕುವವಳು ಕಸ ಹೆಕ್ಕು. ಮನುಷ್ಯರನ್ನು ಹೆಕ್ಲಿಕ್ಕೆ ಬರ್ಬೇಡ. ಈ ವಾರ್ಡಿನಲ್ಲಿ ನಿನ್ನ ಕೆಲ್ಸ ಇರ್ಬೇಕಲ್ಲ?"

ವಾಸಸ್ಥಳ ಕಂಡುಬಂದಿಲ್ಲ ಎಂದು ಬರೆದು ಅರ್ಜಿಯನ್ನು ಮುಚ್ಚಿದರು. ಆ ಕಾಗದವನ್ನು ಪ್ರೇಮತ್ತೆಗೆ ನಾನೇ ಓದಿ ಹೇಳಿದೆ. ನಾನು ಆ ನಂಬರನ್ನು ಬರೆಯದೇ ಇದ್ದಿದ್ದರೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ, ಈಗಲೂ ಯೋಚಿಸುತ್ತೇನೆ.

"ನೀನು ಸರಿ ಬರೆದದ್ದೇ ತಪ್ಪಾಯ್ತಾ ಮಾರಾಯ್ತಿ" ಎಂದು ಅವರು ನನ್ನ ಕೈಯಿಂದ ಕಾಗದ ತೆಗೆದುಕೊಂಡರು. ಅದನ್ನು ಮಡಚಿ ಬಿಸಿ ಪಾತ್ರೆ ಹಿಡಿಯಲು ಇಟ್ಟುಕೊಂಡರು.

ಆ ಬೇಸಿಗೆಯಲ್ಲಿಯೇ ಧಣಿಗಳ ಮಗ ವಿಖ್ಯಾತ್ ದುಬೈಯಿಂದ ಬಂದ. ಮುಚ್ಚಿದ ಕೋರೆಗಳಲ್ಲಿ ದೊಡ್ಡದರಲ್ಲಿ ನೀರು ನಿಂತು ಕೆರೆಯಾಗಿತ್ತು. ಅದರ ದಡದಲ್ಲಿ ಪ್ರವಾಸಿಗರಿಗೆಂದು ಅವನು ನಾಲ್ಕು ಕ್ಯಾರವಾನು ತಂದು ನಿಲ್ಲಿಸಿದ. ಬಿಳಿ ಬಣ್ಣದವು, ಒಳಗೆ ಹಾಸಿಗೆ, ಕಕ್ಕಸು, ಏಸಿ. ಪಂಚಾಯತಿನವರು ಬಂದು ರಿಬ್ಬನ್ ಕತ್ತರಿಸಿದರು. ವಾರದೊಳಗೆ ಕರೆಂಟು ಬಂತು, ನೀರು ಬಂತು. ಕಸ ತರಬೇಕಾದ ಮನೆಗಳ ಪಟ್ಟಿ ನಮ್ಮ ಮೊಬೈಲಿನಲ್ಲಿರುತ್ತದೆ, ಅದರಲ್ಲಿ ನಾಲ್ಕು ಹೊಸ ಮನೆ ನಂಬರುಗಳು ಬಂದವು. ಅಲ್ಲಿಂದ ಪ್ಲಾಸ್ಟಿಕ್ ತರಬೇಕಾದವಳು ನಾನೇ. ಅವುಗಳಿಗೂ ಚಕ್ರವಿತ್ತು. ನಾನು ಬಗ್ಗಿ ನೋಡಿದ್ದೇನೆ.

ಒಂದು ದಿನ ಅಲ್ಲಿ ತಂಗಿದ್ದ ಮುದಿ ಗಂಡಹೆಂಡಿರು ಕೆರೆಯ ಎದುರು ಕುರ್ಚಿ ಹಾಕಿ ಕೂತಿದ್ದರು. ಯಾವುದೋ ಊರಿನ ಬ್ಯಾಂಕಿನಲ್ಲಿದ್ದು ರಿಟೈರಾದವರಂತೆ. ಹೆಂಗಸು ನನಗೆ ಬಿಸ್ಕೆಟಿನ ಖಾಲಿ ಪ್ಯಾಕೆಟು ಕೊಡುತ್ತ, ಗುಡ್ಡೆಯ ಮೇಲಿನ ಬಸ್ಸನ್ನು ತೋರಿಸಿ, ಅದೂ ಬಾಡಿಗೆಗೆ ಸಿಗುತ್ತದೆಯೇ ಎಂದು ಕೇಳಿದರು. ನಾನು ಉತ್ತರ ಕೊಡುವ ಮೊದಲೇ ವಿಖ್ಯಾತ್, ಅದು ಗುಜರಿ, ಸೋಮವಾರ ತೆಗೆಸುತ್ತೇನೆ ಎಂದ.

ತೆಗೆಸಿ ಇಡುವುದು ಎಲ್ಲಿ ಎಂದು ಚೆನ್ನಪ್ಪ ಮಾವನಿಗೆ ಅವನೇ ಬಂದು ತೋರಿಸಿದ. ಕೆಳಗಿನ ಸಣ್ಣ ಕೋರೆಯ ಗುಂಡಿ. ಮೂರೂ ಕಡೆ ಆಳೆತ್ತರದ ಕಲ್ಲಿನ ಗೋಡೆ, ಒಂದು ಕಡೆ ಲಾರಿ ಇಳಿಯುತ್ತಿದ್ದ ಇಳಿಜಾರು. ಮೊದಲ ಮಳೆಗೇ ಅದರಲ್ಲಿ ಮೊಣಕಾಲಿನವರೆಗೆ ನೀರು ನಿಲ್ಲುತ್ತದೆ. ಆ ಗುಂಡಿಯನ್ನು ಕಡಿದವರೇ ಚೆನ್ನಪ್ಪ ಮಾವ. ಮಳೆಗೆ ಇನ್ನು ಮೂರು ವಾರವೂ ಇಲ್ಲ, ಹೆಂಡತಿಗೆ ನಡೆಯಲು ಆಗುವುದಿಲ್ಲ, ಮೇಲೆಯೇ ಯಾವ ಮೂಲೆಯಲ್ಲಾದರೂ ಇರುತ್ತೇವೆ ಎಂದು ಅವರು ಬೇಡಿಕೊಂಡರು.

"ಜನ ಇಂಥದ್ರಲ್ಲಿ ಮಲಗ್ಲಿಕ್ಕೆ ದುಡ್ಡು ಕೊಟ್ಟು ಬರ್ತಾರೆ ಚೆನ್ನಪ್ಪ" ಎಂದ ವಿಖ್ಯಾತ್. "ನೀವು ಪುಕ್ಕಟೆ ಮಲಗಿ ಕಂಪ್ಲೇಂಟ್ ಹೇಳ್ತೀರಿ. ನಾಚಿಕೆ ಆಗುದಿಲ್ವಾ?"

ಅವನು ಹುಟ್ಟಿದಾಗ ಚೆನ್ನಪ್ಪ ಮಾವನಿಗೆ ಮೂವತ್ತು ದಾಟಿತ್ತು.

ಪ್ರೇಮತ್ತೆ ಗುಂಡಿಗೆ ಇಳಿಯಲಿಲ್ಲ. ಶನಿವಾರ ಮಧ್ಯಾಹ್ನ ತೀರಿಕೊಂಡರು. ಆ ಹೊತ್ತಿಗೆ ಬಸ್ಸಿನ ತಗಡು ಮುಟ್ಟಿದರೆ ಕೈ ಸುಡುತ್ತಿತ್ತು. ಒದ್ದೆ ಬಟ್ಟೆ ಹಾಕಿದಷ್ಟೂ ಒಣಗುತ್ತಿತ್ತು. ನೀರು ಕೇಳಿದರಂತೆ. ಚೆನ್ನಪ್ಪ ಮಾವ ಕೊಡ ಹಿಡಿದು ಕೆರೆಗೆ ಹೋಗಿ ಬರುವಷ್ಟರಲ್ಲಿ ಮುಗಿದಿತ್ತು. ಕ್ಯಾರವಾನಿನ ನಲ್ಲಿ ಕೆರೆಗಿಂತ ಈಚೆಗೆ, ದಾರಿಯಲ್ಲಿಯೇ ಇತ್ತು, ಆದರೆ ಅದಕ್ಕೆ ಕೈ ಹಾಕಬಾರದೆಂದು ವಿಖ್ಯಾತ್ ಹೇಳಿದ್ದ.

ನಮ್ಮಲ್ಲಿ ಹೆಣವನ್ನು ಸುಡುವುದಿಲ್ಲ, ಹೂಳುತ್ತೇವೆ. ಗುಡ್ಡೆಯ ಯಾವುದಾದರೂ ತುದಿಯಲ್ಲಿ ಆರಡಿ ಜಾಗ ಕೇಳಲು ಚೆನ್ನಪ್ಪ ಮಾವ ಧಣಿಗಳ ಮನೆಗೆ ಹೋದರು. ನಾನೂ ಜೊತೆಗಿದ್ದೆ. ಧಣಿಗಳು ಮರುದಿನ ಮಂಗಳೂರಿನ ಮದುವೆಗೆ ಹೋಗುವ ಅಂಗಿಗೆ ಇಸ್ತ್ರಿ ಹಾಕಿಸುತ್ತಿದ್ದರು. ಗೇಟಿನ ಒಳಗೆ ನಿಂತೇ ಮಾತಾಡಿದರು.

"ಜೀವ ಇರುವಾಗ ಹಿಡ್ಕೊಂಡದ್ದು ಸಾಲ್ಲಿಲ್ವಾ? ಈಗ ಹೆಣ ಹುಗಿದು ಜಾಗ ಮಾಡ್ಲಿಕ್ಕೆ ನೋಡ್ತೀಯಾ? ನನ್ನ ಜಾಗದಲ್ಲಿ ಹೊಂಡ ತೋಡಿದ್ರೆ ನಿನ್ನನ್ನೂ ಅದ್ರಲ್ಲೇ ಮಲಗಿಸ್ತೇನೆ ಸೂಳೆಮಗನೇ. ಬೆಳ್ಳೂರಿಗೆ ತಕ್ಕೊಂಡು ಹೋಗು. ನಿಮ್ಮವರು ಉಂಟಲ್ಲ ಅಲ್ಲಿ."

ಬೆಳ್ಳೂರಿನಲ್ಲಿ ಪ್ರೇಮತ್ತೆಯ ಅಣ್ಣನಿಗೆ ಇರುವುದು ಮೂರು ಸೆಂಟ್ಸ್. ಅಡಿಗೆಮನೆಯ ಗೋಡೆಗೆ ತಾಗಿ ಅಲ್ಲಿ ಆಗಲೇ ಇಬ್ಬರನ್ನು ಹೂಳಿದ್ದಾರೆ. ಸಾರ್ವಜನಿಕ ಸ್ಮಶಾನಕ್ಕೆ ಫೋನು ಮಾಡಿದೆ. ಸತ್ತವರ ಮನೆ ನಂಬರ್ ಹಾಕಿ ವಾರ್ಡ್ ಮೆಂಬರು ಸಹಿ ಮಾಡಿದ ಚೀಟಿ ಬೇಕೆಂದರು. ಮನೆ ನಂಬರ್ ಇಲ್ಲ ಎಂದೆ. ಹಾಗಾದರೆ ಅವರು ಎಲ್ಲಿದ್ದರು ಎಂದು ಕೇಳಿದರು. ಮೆಂಬರಿನ ಫೋನು ಸ್ವಿಚ್ ಆಫ್ ಆಗಿತ್ತು. ಅವರೂ ಅದೇ ಮದುವೆಗೆ ಹೋಗುವವರು.

ಭಾನುವಾರ ಬೆಳಿಗ್ಗೆ ಧಣಿಗಳ ಎರಡು ಕಾರುಗಳೂ ಮಂಗಳೂರಿನ ಕಡೆಗೆ ಹೋದವು. ನಾನು ನನ್ನ ಜೊತೆ ಕಸ ಹೆಕ್ಕುವ ಇಬ್ಬರು ಹೆಂಗಸರನ್ನು ಕರೆದುಕೊಂಡು ಹೋದಾಗ ಚೆನ್ನಪ್ಪ ಮಾವ ಬಸ್ಸಿನ ಒಳಗೆ ಕೂತು ನೆಲದ ಹಲಗೆಯ ಮೊಳೆ ಕೀಳುತ್ತಿದ್ದರು. ಪ್ರೇಮತ್ತೆಯನ್ನು ಆ ಎರಡು ಸೀಟುಗಳ ಮೇಲೆ ಉದ್ದಕ್ಕೆ ಮಲಗಿಸಿ ಬಿಳಿ ಮುಂಡು ಹೊದೆಸಿದ್ದರು. ಅವರ ಹಾಸಿಗೆ ಇದ್ದ ಜಾಗದಲ್ಲಿ ನಾಲ್ಕು ಹಲಗೆ ಎದ್ದಿತ್ತು. ಕೆಳಗೆ, ಕಬ್ಬಿಣದ ಎರಡು ಅಡ್ಡಪಟ್ಟಿಗಳ ನಡುವೆ, ಕೆಂಪು ನೆಲ ಕಾಣುತ್ತಿತ್ತು.

ಇದು ಕೇಸಾಗುತ್ತದೆ ಮಾವ ಎಂದೆ.

"ಹೊರಗೆ ಎಲ್ಲಿ ತೋಡಿದ್ರೂ ಅವನ ಜಾಗ" ಎಂದರು ಅವರು. "ಮನೆಯೊಳಗೆ ತೋಡ್ಲಿಕ್ಕೆ ಯಾರನ್ನು ಕೇಳ್ಬೇಕು ಮಗಳೇ?"

ನಾನು ಇನ್ನೊಂದು ಸಲ ಹೇಳಿದೆ. ಅವರು ಆ ಸಂದಿಯಿಂದ ಕೆಳಗೆ ಇಳಿದರು. ಪಿಕ್ಕಾಸು ಬೀಸಲು ಎತ್ತರ ಸಾಲದೆ, ಹಳೆಯ ಕೊಡಲಿಯ ಕಾವನ್ನು ಅರ್ಧಕ್ಕೆ ಕತ್ತರಿಸಿಟ್ಟಿದ್ದರು. ಕೋರೆಯಲ್ಲಿ ಕೂರುವ ಹಾಗೆಯೇ ಕುಕ್ಕರಗಾಲಿನಲ್ಲಿ ಕೂತು ಕಡಿಯತೊಡಗಿದರು. ನಾಲ್ಕು ಏಟು, ಆಮೇಲೆ ಕೆಮ್ಮು, ಮತ್ತೆ ನಾಲ್ಕು ಏಟು. ಮೇಲಿನ ಪದರ ಗಟ್ಟಿಯಾದ ಮುರಕಲ್ಲು. ಒಂದಡಿ ಹೋದ ಮೇಲೆ ಅವರ ಉಸಿರು ಸೀಟಿಯ ಹಾಗೆ ಕೇಳಿಸತೊಡಗಿತು. ಅವರನ್ನು ಮೇಲೆ ಎಳೆದು ಕೂರಿಸಿ ನಾವು ಮೂವರು ಒಬ್ಬೊಬ್ಬರಾಗಿ ಇಳಿದೆವು. ಗುಂಡಿ ತೋಡುವುದು ಹೆಂಗಸರ ಕೆಲಸವಲ್ಲ ಎಂದು ಹೇಳಲು ಅಲ್ಲಿ ಬೇರೆ ಗಂಡಸರಿರಲಿಲ್ಲ. ಎಲ್ಲಿ ಏಟು ಹಾಕಬೇಕು, ಎಲ್ಲಿ ಕಲ್ಲು ತಾನೇ ಬಿಡುತ್ತದೆ ಎಂದು ಅವರು ಮೇಲಿನಿಂದ ಹೇಳುತ್ತಿದ್ದರು. ಬಂದ ಮಣ್ಣನ್ನು ಬಸ್ಸಿನ ಅಡಿಯಲ್ಲಿಯೇ ಆಚೀಚೆ ಸುರಿದೆವು. ಕೆರೆಯ ಕಡೆಯಿಂದ ಹಾಡು ಕೇಳುತ್ತಿತ್ತು. ಯಾರೂ ಬರಲಿಲ್ಲ. ಗುಜರಿಯ ಒಳಗೆ ಸದ್ದಾದರೆ ಯಾರು ನೋಡುತ್ತಾರೆ?

ಮೂರು ಗಂಟೆಯ ಹೊತ್ತಿಗೆ ಪ್ರೇಮತ್ತೆಯನ್ನು ಇಳಿಸಿದೆವು. ಕಾಲಿನ ನೀರಿನಿಂದ ಭಾರವಾಗಿದ್ದರು. ಅಡ್ಡಪಟ್ಟಿಗೆ ತಲೆ ತಾಗದಂತೆ ಚೆನ್ನಪ್ಪ ಮಾವ ಅಂಗೈಯನ್ನು ನಡುವೆ ಇಟ್ಟುಕೊಂಡರು. ಮಣ್ಣು ಎಳೆದ ಮೇಲೆ ಹಲಗೆಗಳನ್ನು ಮತ್ತೆ ಹೊಡೆದು, ಅದರ ಮೇಲೆ ತನ್ನ ಚಾಪೆ ಬಿಡಿಸಿದರು.

ಸೋಮವಾರ ಎಂಟು ಗಂಟೆಗೆ ಟ್ರ್ಯಾಕ್ಟರ್ ಬಂತು. ಹಿಂದಿನಿಂದ ಧಣಿಗಳು ಮತ್ತು ವಿಖ್ಯಾತ್. ಚೆನ್ನಪ್ಪ ಮಾವ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಚೀಲ ಹಿಡಿದು ಪಕ್ಕದಲ್ಲಿ ನಿಂತಿದ್ದೆ.

ಆಯಿತಾ, ಕೊಂಡುಹೋದೆಯಾ ಎಂದು ಧಣಿಗಳು ಕೇಳಿದರು. ಮಣ್ಣು ಮಾಡಿ ಆಯಿತು ಎಂದರು ಚೆನ್ನಪ್ಪ ಮಾವ. ಒಳ್ಳೆಯದಾಯಿತು, ಹೆಂಗಸು ನರಳುವುದಾದರೂ ತಪ್ಪಿತು ಎಂದು ಧಣಿಗಳು ಹೇಳಿ, ಕುಂಞನಿಗೆ ಕೈ ಬೀಸಿದರು.

ಕುಂಞ ಸರಪಳಿಯ ಕೊಕ್ಕೆ ಸಿಕ್ಕಿಸಿದ. ಚಕ್ರಗಳಿಗೆ ಕೊಟ್ಟಿದ್ದ ಕಲ್ಲು ತೆಗೆಯಲು ಬಗ್ಗಿದವನು ಹಾಗೆಯೇ ಉಳಿದ. ಬಸ್ಸಿನ ಅಡಿಯಲ್ಲಿ ಹೊಸ ಮಣ್ಣಿನ ದಿಬ್ಬ, ಅದರ ಮೇಲೆ ಎರಡಾಗಿ ಒಡೆದ ತೆಂಗಿನಕಾಯಿಯ ಒಂದು ಗಡಿ. ಅವನು ಎದ್ದು ತಲೆಗೆ ಕಟ್ಟಿದ್ದ ಬೈರಾಸು ಬಿಚ್ಚಿದ. ಟ್ರ್ಯಾಕ್ಟರಿನ ಎಂಜಿನನ್ನು ಆರಿಸಿ, ಕೀಲಿಕೈಯನ್ನು ಧಣಿಗಳ ಮುಂದೆ ನೆಲದ ಮೇಲೆ ಇಟ್ಟ.

"ನನ್ನಿಂದ ಆಗುದಿಲ್ಲ ಧಣೀ. ನೀವೇ ಎಳೀರಿ."

ಧಣಿಗಳು ಬಗ್ಗಿ ನೋಡಿದರು. ಎದ್ದಾಗ ಮುಖಕ್ಕೆಲ್ಲ ರಕ್ತ ಏರಿತ್ತು. ಚೆನ್ನಪ್ಪ ಮಾವನ ಅಂಗಿಯ ಕುತ್ತಿಗೆ ಹಿಡಿದು ಎಬ್ಬಿಸಿ, ಬೋಳಿಮಗನೇ, ನಾಯಿಗೆ ಹುಟ್ಟಿದವನೇ ಎಂದು ಬೈದು, ಈಗಲೇ ತೆಗೆ, ಕೈಯಿಂದಲೇ ಅಗೆದು ತೆಗೆ ಎಂದು ಅಲುಗಾಡಿಸಿದರು. ಚೆನ್ನಪ್ಪ ಮಾವ ಕೆಮ್ಮುತ್ತಿದ್ದರು. ಕೈ ಎತ್ತಲಿಲ್ಲ, ಕೈ ಮುಗಿಯಲೂ ಇಲ್ಲ. ಕ್ಯಾರವಾನಿನ ಜನ ಹೊರಗೆ ಬಂದು ಮೊಬೈಲು ಹಿಡಿದದ್ದನ್ನು ಕಂಡು ವಿಖ್ಯಾತ್ ಅಪ್ಪನನ್ನು ಬಿಡಿಸಿದ. ಪೊಲೀಸರಿಗೆ ಫೋನು ಮಾಡಿದವನು ಅವನೇ.

ಇಬ್ಬರು ಬಂದರು. ಅವರಲ್ಲಿ ವಯಸ್ಸಾದವರು ಪ್ಯಾಡಿಗೆ ಸಿಕ್ಕಿಸಿದ ಕಾಗದ ತೆಗೆದು ಬರೆಯತೊಡಗಿದರು. ಅವರಿಗೆ ಕನ್ನಡ ಬಾರದು, ಚೆನ್ನಪ್ಪ ಮಾವನಿಗೆ ಮಲಯಾಳ ಅಷ್ಟು ಬಾರದು. ನೀನು ಹೇಳು ಎಂದು ನನ್ನನ್ನು ನಡುವೆ ನಿಲ್ಲಿಸಿದರು. ಹೆಸರು ಕೇಳಿದರು. ವಯಸ್ಸು ಕೇಳಿದರು. ಮನೆ ನಂಬರ್ ಕೇಳಿದರು.

ಇವನಿಗೆ ಮನೆ ಎಲ್ಲಿಯದು ಸಾರ್, ಇದು ಬಸ್ಸು ಎಂದರು ಧಣಿಗಳು.

ಸ್ಥಳ ಬರೆಯದೆ ದೂರು ತೆಗೆದುಕೊಳ್ಳಲು ಆಗುವುದಿಲ್ಲ, ಹೆಣ ಇರುವುದು ಎಲ್ಲಿ ಎಂದು ಬರೆಯಬೇಕಲ್ಲ ಎಂದು ಪೊಲೀಸಿನವರು ಪೆನ್ನು ಎತ್ತಿ ಹಿಡಿದರು. ಧಣಿಗಳೇ ಸರ್ವೆ ನಂಬರ್ ಹೇಳಬೇಕಾಯಿತು. ಒಂದೊಂದೇ ಅಂಕೆಯನ್ನು ಬಿಡಿಸಿ ಹೇಳಿದರು. ಈ ಸಲದ್ದು ಸರಿಯಾದ ನಂಬರು. ನಾನು ವಿಲೇಜ್ ಆಫೀಸ್ ಸುತ್ತಿದವಳು, ನನಗೆ ಗೊತ್ತು. ಪೊಲೀಸಿನವರು ಅದನ್ನು ಬರೆದು, ಅದರ ಮುಂದೆ ಬಸ್ಸು ಎಂದು ಬರೆಯಲು ಹೊರಟಾಗ ಚೆನ್ನಪ್ಪ ಮಾವ ನನ್ನ ತೋಳು ಮುಟ್ಟಿದರು.

"ಬಸ್ಸು ಅಂತ ಬರೀಬೇಡಿ ಅಂತ ಹೇಳು ಮಗಳೇ. ಮನೆ ಅಂತ ಬರೀಲಿ."

ಹೇಳಿದೆ. ಪೊಲೀಸಿನವರು ಮೆಟ್ಟಿಲು ಹತ್ತಿ ಒಳಗೆ ನೋಡಿದರು. ಚಾಪೆ, ಮೂರು ಪಾತ್ರೆ, ಕಿಟಕಿಯ ಕಂಬಿಗೆ ನೇತುಹಾಕಿದ ಸೀರೆ. ಇಳಿದು ಬಂದು ಏನನ್ನೋ ಬರೆದರು. ನಾನು ಇಣುಕಿ ಓದಿದೆ. ವೀಡ್ ಎಂದಿತ್ತು. ಅಂದರೆ ಮನೆ. ಧಣಿಗಳು ಅದು ಹೇಗೆ ಬರೆಯುತ್ತೀರಿ ಎಂದು ಮುಂದೆ ಬಂದರು. ನಿಮ್ಮ ದೂರನ್ನೇ ಬರೆಯುತ್ತಿರುವುದು ಎಂದು ಪೊಲೀಸಿನವರು ತಲೆ ಎತ್ತದೆ ಹೇಳಿ, ಇಲ್ಲಿ ಎಷ್ಟು ಮಂದಿ ವಾಸ ಎಂದು ಕೇಳಿದರು.

ನಾನು ಚೆನ್ನಪ್ಪ ಮಾವನ ಹತ್ತಿರ ಕೇಳಿದೆ.

"ಇಬ್ರು" ಎಂದರು ಅವರು.

ಪೊಲೀಸಿನವರಿಗೆ ಆ ಮಾತು ತಿಳಿಯಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತ ನಿಂತರು. ಧಣಿಗಳಿಗೆ ತಿಳಿದಿತ್ತು, ಅವರೂ ನೋಡುತ್ತಿದ್ದರು. ಸರಪಳಿಯ ಕೊಕ್ಕೆ ಬಸ್ಸಿನ ಮೂಗಿಗೆ ಇನ್ನೂ ಸಿಕ್ಕಿಕೊಂಡೇ ಇತ್ತು.

ಮಾವ ಹೇಳಿದ್ದನ್ನೇ ಮಲಯಾಳದಲ್ಲಿ, "ರಂಡು ಪೇರ್" ಎಂದೆ ನಾನು.